ಮೊದಲ ಹಾಡು ಊರವರದು

ಕಳೆದ ತಿಂಗಳು ಜಾತ್ರೆ ಸಮಿತಿಯೊಂದರ ಸಭೆಯ ಸುದ್ದಿ ಮಾಡಲು ಹೋಗಿದ್ದೆವು. ಖರ್ಚಿನ ಪಟ್ಟಿ ಓದಿದರು. ಪೆಂಡಾಲು, ಲೈಟಿಂಗು, ಅನ್ನಸಂತರ್ಪಣೆ, ಆಮೇಲೆ ಪೇಟೆಯಿಂದ ಬರುವ ಆರ್ಕೆಸ್ಟ್ರಾ. ಪಟ್ಟಿಯಲ್ಲಿ ಆರ್ಕೆಸ್ಟ್ರಾದ್ದೇ ದೊಡ್ಡ ಮೊತ್ತ. ಊರ ಭಜನಾ ಮಂಡಳಿಯ ಅಜ್ಜ ಒಬ್ಬರು ಹಿಂದಿನ ಸಾಲಿನಲ್ಲಿ ಕೂತಿದ್ದರು. ‘ನಮ್ಮದು ಎಷ್ಟು ಹೊತ್ತಿಗಪ್ಪಾ?’ ಎಂದು ಕೇಳಿದರು. ‘ನೀವು ಆರೂವರೆಗೆ ಮುಗಿಸಿಬಿಡಿ ಅಜ್ಜಾ. ಏಳಕ್ಕೆ ಆರ್ಕೆಸ್ಟ್ರಾದವರು ಮೈಕ್ ಟೆಸ್ಟ್ ಮಾಡಬೇಕಂತೆ’ ಎಂದ ಕಾರ್ಯದರ್ಶಿ ಹುಡುಗ. ‘ಜನ ಬರೋದೇ ಏಳಕ್ಕಲ್ಲಪ್ಪಾ’ ಎಂದರು ಅಜ್ಜ. ಯಾರೂ ಉತ್ತರ ಕೊಡಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಪತ್ರಿಕೆಗೆ ಕಳಿಸಿದ ಸುದ್ದಿಯಲ್ಲಿ ಆ ಮಾತಿಗೆ ಜಾಗ ಇರಲಿಲ್ಲ. ಆದರೆ ಬೈಕಿನಲ್ಲಿ ವಾಪಸ್ ಬರುವಾಗ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಊರಿನವರು ಹಾಡಬೇಕೋ, ದುಡ್ಡು ಕೊಟ್ಟು ಕರೆಸಿದವರು ಹಾಡಬೇಕೋ? ಇಬ್ಬರೂ ಹಾಡುವುದಾದರೆ ಯಾರು ಎಷ್ಟು ಹೊತ್ತಿಗೆ? ಇದು ನಮ್ಮ ಜಾತ್ರೆಗಳಲ್ಲಿ ಮಾತ್ರ ಇರುವ ತಕರಾರಲ್ಲ. ಇಂಗ್ಲೆಂಡಿನಲ್ಲಿ ‘ಫೋಕ್ ಕ್ಲಬ್’ ಎಂಬ ಜನಪದ ಹಾಡಿನ ಕೂಟಗಳಿವೆ. ಅಲ್ಲಿ ಈ ತಕರಾರು 1950ರ ದಶಕದಿಂದ ಇವತ್ತಿನವರೆಗೂ ನಡೆದೇ ಇದೆ. ಅವರ ದೇಶ ಬೇರೆ, ಹಾಡು ಬೇರೆ. ಆದರೂ ಅವರು ಏನೇನು ಮಾಡಿ ನೋಡಿದರು, ಯಾವುದು ಉಳಿಯಿತು, ಯಾವುದು ಕೆಟ್ಟಿತು ಎಂದು ತಿಳಿದುಕೊಂಡರೆ ನಮಗೇನೂ ನಷ್ಟವಿಲ್ಲ.

ತೋಟದ ಮಾಲಿಯ ಹಾಡು

ಕತೆ ಶುರುವಾಗುವುದು ಕ್ಲಬ್ಬುಗಳಿಗಿಂತ ಬಹಳ ಹಿಂದೆ. 1903ನೇ ಇಸವಿ. ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತ್ಯದ ಹ್ಯಾಂಬ್ರಿಜ್ ಎಂಬ ಹಳ್ಳಿ. ಲಂಡನ್ನಿನ ಸಂಗೀತ ಮೇಷ್ಟ್ರು ಸೆಸಿಲ್ ಶಾರ್ಪ್ ಅಲ್ಲಿನ ಪಾದ್ರಿಯ ಮನೆಗೆ ಬಂದಿದ್ದರು. ತೋಟದಲ್ಲಿ ಮಾಲಿ ಹುಲ್ಲು ಕತ್ತರಿಸುತ್ತಾ ತಮ್ಮ ಪಾಡಿಗೆ ಹಾಡಿಕೊಳ್ಳುತ್ತಿದ್ದರು. ಅವರ ಹೆಸರು ಜಾನ್ ಇಂಗ್ಲೆಂಡ್. ಶಾರ್ಪ್ ಆ ಹಾಡನ್ನು ಅಲ್ಲೇ ಬರೆದುಕೊಂಡರು, ಅದಕ್ಕೆ ಪಿಯಾನೊ ಹೊಂದಿಸಿದರು. ಅದೇ ದಿನ ಸಂಜೆ ಚರ್ಚಿನ ಗಾಯಕರ ಊಟದ ಕೂಟದಲ್ಲಿ ತರಬೇತಿ ಪಡೆದ ಗಾಯಕಿಯೊಬ್ಬರು ಅದನ್ನು ಹಾಡಿದರು. ಒಂದೇ ದಿನದಲ್ಲಿ ಹಾಡು ತೋಟದಿಂದ ಸಭೆಗೆ ಬಂತು. ಹಾಡುವವರು ಬದಲಾದರು.

ಶಾರ್ಪ್ ಆಮೇಲೆ ಹಳ್ಳಿ ಹಳ್ಳಿ ತಿರುಗಿ ಸಾವಿರಾರು ಹಾಡು ಬರೆದುಕೊಂಡರು. ಆ ಹಾಡುಗಳು ಶಾಲೆಯ ಪುಸ್ತಕಕ್ಕೆ ಬಂದವು. ಮಕ್ಕಳು ಪಿಯಾನೊ ಜೊತೆ ಅವನ್ನು ಕಲಿತರು. ಶಾರ್ಪ್ ಬರೆದುಕೊಳ್ಳದಿದ್ದರೆ ಎಷ್ಟೋ ಹಾಡು ಮಣ್ಣಾಗುತ್ತಿದ್ದವು, ಅದರಲ್ಲಿ ಅನುಮಾನವಿಲ್ಲ. ಆದರೆ ಮಾಲಿಯ ಬಾಯಲ್ಲಿ ಆ ಹಾಡು ಹೇಗಿರುತ್ತದೆ, ಕೂಲಿಯವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಎಳೆಯುತ್ತಾರೆ ಎಂಬುದು ಪುಸ್ತಕದಲ್ಲಿ ಬರಲಿಲ್ಲ.

ಹಳ್ಳಿಯವರು ಮಾತ್ರ ತಮ್ಮ ಪಾಡಿಗೆ ಹಾಡುತ್ತಲೇ ಇದ್ದರು. ಅವರ ಜಾಗ ಪಬ್. ನಾವು ಸಿನಿಮಾದಲ್ಲಿ ನೋಡುವ ಬಣ್ಣದ ಲೈಟಿನ ಪಬ್ ಅಲ್ಲ. ಊರಿನ ಹೆಂಡದಂಗಡಿಯೂ ಅದೇ, ಹರಟೆಕಟ್ಟೆಯೂ ಅದೇ. ಸಫೋಕ್ ಪ್ರಾಂತ್ಯದ ಈಸ್ಟ್‌ಬ್ರಿಜ್ ಹಳ್ಳಿಯಲ್ಲಿ ‘ಈಲ್ಸ್ ಫುಟ್’ ಎಂಬ ಪಬ್ ಇದೆ. ಅಲ್ಲಿ ಶನಿವಾರ ರಾತ್ರಿ ಊರಿನವರು ಸೇರಿ ಹಾಡುತ್ತಿದ್ದರು. ಒಬ್ಬರು ಅಧ್ಯಕ್ಷರು. ಅವರು ಮೇಜು ಕುಟ್ಟಿ ಸದ್ದಡಗಿಸಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. 1939ರಲ್ಲಿ ಬಿಬಿಸಿ ರೇಡಿಯೊ ಅಲ್ಲಿಗೇ ಹೋಗಿ ಆ ಹಾಡುಗಳನ್ನು ಪ್ರಸಾರ ಮಾಡಿತು. ಆ ಭಾಗದ ಪಬ್ಬುಗಳಲ್ಲಿ ಒಂದು ಪದ್ಧತಿ ಇತ್ತು. ಕರೆದಾಗ ಹಾಡಬೇಕು, ಹಾಡು ಬಾರದಿದ್ದರೆ ಕತೆ ಹೇಳಬೇಕು, ಅದೂ ಬಾರದಿದ್ದರೆ ಕಾಸು ಬಿಚ್ಚಬೇಕು. ಗಮನಿಸಿ, ಅಲ್ಲಿ ದುಡ್ಡು ಕೊಡುತ್ತಿದ್ದವನು ಹಾಡದೇ ಇದ್ದವನು!

ಪೆಟ್ಟಿಗೆ, ಹಲಗೆ, ಗಿಟಾರ್

ಫೋಕ್ ಕ್ಲಬ್ ಹುಟ್ಟಿದ್ದು ಪೇಟೆಯಲ್ಲಿ, ಹುಡುಗರಿಂದ. 1956ರಲ್ಲಿ ಲೋನಿ ಡೊನೆಗನ್ ಎಂಬ ಗಾಯಕರ ಒಂದು ರೆಕಾರ್ಡ್ ಇಂಗ್ಲೆಂಡಿನಲ್ಲಿ ಭಾರಿ ಓಡಿತು. ಆ ಶೈಲಿಗೆ ‘ಸ್ಕಿಫಲ್’ ಎಂದು ಹೆಸರು. ಅದಕ್ಕೆ ದುಬಾರಿ ವಾದ್ಯ ಬೇಕಿರಲಿಲ್ಲ. ಒಂದು ಅಗ್ಗದ ಗಿಟಾರ್. ಬಟ್ಟೆ ಉಜ್ಜುವ ಹಲಗೆಯೇ ತಾಳ. ಚಹಾ ಸಾಗಿಸುವ ಮರದ ಪೆಟ್ಟಿಗೆಗೆ ಕೋಲು ನಿಲ್ಲಿಸಿ ದಾರ ಕಟ್ಟಿ ಮೀಟಿದರೆ ಅದೇ ದಪ್ಪ ಸ್ವರದ ವಾದ್ಯ. ಸಾವಿರಾರು ಹುಡುಗರು ಗುಂಪು ಕಟ್ಟಿಕೊಂಡು ಹಾಡಿದರು. ಸಂಗೀತ ಕಲಿಯದವರೂ ಹಾಡಬಹುದು ಎಂಬ ಧೈರ್ಯ ಬಂದದ್ದು ಅಲ್ಲಿಂದ.

ಎರಡು ಮೂರು ವರ್ಷದಲ್ಲಿ ಸ್ಕಿಫಲ್ ಹುಚ್ಚು ಇಳಿಯಿತು. ಗಿಟಾರ್ ಕೈಯಲ್ಲಿ ಉಳಿಯಿತು. ಇಷ್ಟು ದಿನ ಅಮೆರಿಕದ ಹಾಡು ಹಾಡಿದ್ದಾಯ್ತು, ನಮ್ಮದೇ ಹಾಡು ಯಾವುದು ಎಂದು ಕೆಲವರು ಹುಡುಕಲು ಶುರು ಮಾಡಿದರು. ಪಬ್ಬುಗಳ ಮಹಡಿ ಮೇಲಿನ ಕೋಣೆಗಳಲ್ಲಿ ವಾರಕ್ಕೊಮ್ಮೆ ಸೇರತೊಡಗಿದರು. ಪಬ್ ಮಾಲೀಕರಿಗೆ ಕುಡಿಯುವವರು ಬಂದರೆ ಸಾಕು. ಹಾಗಾಗಿ ಕೋಣೆ ಕಡಿಮೆ ಬಾಡಿಗೆಗೆ, ಕೆಲವು ಕಡೆ ಪುಕ್ಕಟೆಯಾಗಿಯೇ ಸಿಗುತ್ತಿತ್ತು. 1960ರ ದಶಕದಲ್ಲಿ ಇಂಥ ಕ್ಲಬ್ಬುಗಳು ದೇಶದ ತುಂಬ ಎದ್ದವು.

ಒಂದು ರಾತ್ರಿ ಹೇಗೆ ನಡೆಯುತ್ತದೆ

ಕ್ಲಬ್ಬಿನ ವ್ಯವಸ್ಥೆ ಬಹಳ ಸರಳ. ಅದನ್ನು ನಡೆಸುವವರಿಗೆ ಸಂಬಳವಿಲ್ಲ. ಮೇಷ್ಟ್ರೋ, ಕಾರ್ಖಾನೆ ಕೆಲಸದವರೋ, ಗುಮಾಸ್ತರೋ ಸಂಜೆ ಬಿಡುವಿನಲ್ಲಿ ನಡೆಸುತ್ತಾರೆ. ವೇದಿಕೆ ಇರುವುದಿಲ್ಲ ಅಥವಾ ಒಂದು ಮೆಟ್ಟಿಲಿನಷ್ಟು ಇರುತ್ತದೆ. ಎಷ್ಟೋ ಕಡೆ ಮೈಕ್ ಕೂಡ ಇಲ್ಲ. ಹಾಡುವವರಲ್ಲಿ ಮೂರು ಬಗೆ. ವಾರ ವಾರವೂ ಬಂದು ಕ್ಲಬ್ಬಿನ ಹೊಣೆ ಹೊರುವವರು ‘ರೆಸಿಡೆಂಟ್’, ಅಂದರೆ ಮನೆಯ ಹಾಡುಗಾರರು. ಕೇಳಲು ಬಂದವರ ನಡುವಿನಿಂದಲೇ ಎದ್ದು ಒಂದೆರಡು ಹಾಡು ಹಾಡಿ ಕೂರುವವರು ‘ಫ್ಲೋರ್ ಸಿಂಗರ್’. ಫ್ಲೋರ್ ಅಂದರೆ ನೆಲ. ನೆಲದ ಮೇಲೆ ನಿಂತು ಹಾಡುವವರು ಎಂದು ಅರ್ಥ. ಮೂರನೆಯವರು ದುಡ್ಡು ಕೊಟ್ಟು ಕರೆಸಿದ ‘ಗೆಸ್ಟ್’.

ಗೆಸ್ಟ್ ಬರುವ ರಾತ್ರಿ ಟಿಕೆಟ್ ದರ ಜಾಸ್ತಿ. ಗೆಸ್ಟ್ ಇಲ್ಲದ ವಾರ ‘ಸಿಂಗರ್ಸ್ ನೈಟ್’. ಅವತ್ತು ಮನೆಯವರದೇ ಹಾಡು, ಟಿಕೆಟ್ ಕಡಿಮೆ. ಬಾಗಿಲಲ್ಲಿ ಕೂಡಿದ ಕಾಸು, ಲಾಟರಿ ಚೀಟಿ ಮಾರಿದ ಕಾಸು ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಮುಂದಿನ ಗೆಸ್ಟಿಗೆ ಕೂಡಿಡುತ್ತಾರೆ. ಬಂದ ಗೆಸ್ಟಿಗೆ ಹೋಟೆಲ್ ರೂಮು ಇಲ್ಲ. ಕ್ಲಬ್ ನಡೆಸುವವರ ಮನೆಯಲ್ಲೇ ಊಟ, ಅಲ್ಲೇ ಚಾಪೆ.

ಗೆಸ್ಟ್ ಎಷ್ಟೇ ದೊಡ್ಡವರಿರಲಿ, ರಾತ್ರಿ ಶುರುವಾಗುವುದು ಮನೆಯವರ ಹಾಡಿನಿಂದ. ರೆಸಿಡೆಂಟ್ ಒಬ್ಬರು, ಆಮೇಲೆ ಇಬ್ಬರು ಮೂವರು ನೆಲದ ಹಾಡುಗಾರರು, ಆಮೇಲೆ ಗೆಸ್ಟ್. ಮಧ್ಯೆ ಬಿಡುವು. ಬಿಡುವಾದ ಮೇಲೆ ಮತ್ತೆ ಮೊದಲು ಮನೆಯವರು, ಆಮೇಲೆ ಗೆಸ್ಟ್. ಇಲ್ಲಿ ಒಂದು ವಿಷಯ ಇದೆ. ಗೆಸ್ಟಿಗಾಗಿ ಬಂದ ಜನ ಮನೆಯವರ ಹಾಡನ್ನೂ ಕೇಳುತ್ತಾರೆ. ಗೆಸ್ಟ್ ಕೂಡ ಅದೇ ಕೋಣೆಯಲ್ಲಿ ಕೂತು ಕೇಳುತ್ತಾರೆ. ಜನ ಬರುವ ಮೊದಲೇ ಮುಗಿಸಿಬಿಡಿ ಎಂದು ಮನೆಯವರಿಗೆ ಹೇಳುವುದಿಲ್ಲ.

ಹಾಡಲು ಬಾರದವರನ್ನು ಏನು ಮಾಡುವುದು?

ಎಲ್ಲವೂ ಚಂದ ಇತ್ತು ಅಂದುಕೊಳ್ಳಬೇಡಿ. ಯಾರು ಬೇಕಾದರೂ ಎದ್ದು ಹಾಡಬಹುದು ಎಂದರೆ ಶ್ರುತಿ ಗೊತ್ತಿಲ್ಲದವರೂ ಏಳುತ್ತಾರೆ. ಅರ್ಧಕ್ಕೇ ಹಾಡು ಮರೆಯುವವರು, ಅಭ್ಯಾಸ ಮಾಡದೆ ಬಂದು ಪುಸ್ತಕ ನೋಡಿ ಓದುವವರು, ವರ್ಷಗಟ್ಟಲೆ ಅದೇ ಎರಡು ಹಾಡು ಹಾಡುವವರು ಎಲ್ಲರೂ ಇದ್ದರು. ಟಿಕೆಟ್ ಕೊಟ್ಟು ಬಂದವರು ಇದನ್ನು ಯಾಕೆ ಕೇಳಬೇಕು ಎಂಬ ಜಗಳ ಆಗಲೂ ಇತ್ತು, ಈಗಲೂ ಇದೆ.

ಈ ಜಗಳದಲ್ಲಿ ಗಟ್ಟಿಯಾಗಿ ನಿಂತ ಒಂದು ಹೆಸರು ಯುವನ್ ಮೆಕಾಲ್. ಸ್ಯಾಲ್‌ಫರ್ಡ್ ಎಂಬ ಕಾರ್ಖಾನೆ ಊರಿನ ಕಾರ್ಮಿಕರ ಮಗ, ನಾಟಕ ಬರೆದವರು, ಹಾಡು ಕಟ್ಟಿದವರು. ಅವರು ಮತ್ತು ಅಮೆರಿಕದಿಂದ ಬಂದ ಗಾಯಕಿ ಪೆಗ್ಗಿ ಸೀಗರ್ ಸೇರಿ 1961ರಲ್ಲಿ ಲಂಡನ್ನಿನಲ್ಲಿ ‘ಸಿಂಗರ್ಸ್ ಕ್ಲಬ್’ ಶುರು ಮಾಡಿದರು. ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹಾಡುವವರು ತಮ್ಮ ನಾಡಿನ, ತಮ್ಮ ನುಡಿಯ ಹಾಡನ್ನೇ ಹಾಡಬೇಕು. ಲಂಡನ್ನಿನವರು ಅಮೆರಿಕದ ಹಳ್ಳಿಯವರಂತೆ ನಟಿಸಬಾರದು. ಇದು ಅತಿಯಾಯಿತು ಎಂದು ಹಲವರು ಸಿಟ್ಟಾದರು. ಹಾಡಿಗೆ ಪಹರೆ ಹಾಕಲು ಇವರು ಯಾರು ಎಂದರು. ಆ ಸಿಟ್ಟಿನಲ್ಲೂ ಅರ್ಥವಿದೆ. ಸ್ಕಿಫಲ್ ಹುಡುಗರು ಹಾಡಲು ಕಲಿತದ್ದೇ ಅಮೆರಿಕದ ಹಾಡಿನಿಂದ ತಾನೆ!

ಆದರೆ ಮೆಕಾಲ್ ಮಾಡಿದ ಇನ್ನೊಂದು ಕೆಲಸ ನಮಗೆ ಮುಖ್ಯ ಅನಿಸುತ್ತದೆ. 1964ರಲ್ಲಿ ಅವರೂ ಸೀಗರ್ ಅವರೂ ಯುವ ಹಾಡುಗಾರರ ಒಂದು ಗುಂಪು ಕಟ್ಟಿದರು. ‘ಕ್ರಿಟಿಕ್ಸ್ ಗ್ರೂಪ್’ ಎಂದು ಹೆಸರು. ಒಬ್ಬರು ಹಾಡಿದರೆ ಉಳಿದವರು ಅದರ ಗುಣದೋಷ ಹೇಳಬೇಕು. ಉಸಿರಾಟ, ದನಿ, ಹಾಡಿನ ಅರ್ಥ ಎಲ್ಲದರ ಮೇಲೂ ಕೆಲಸ. ಹವ್ಯಾಸಿಗಳಿಗೆ ಹಾಡಲು ಬರುವುದಿಲ್ಲ ಎಂದಾದರೆ ಎರಡು ದಾರಿ. ಅವರನ್ನು ಕೂರಿಸಿ ದುಡ್ಡಿನ ಗಾಯಕರನ್ನು ಕರೆಸುವುದು ಒಂದು. ಹವ್ಯಾಸಿಗಳಿಗೆ ಕಲಿಸುವುದು ಇನ್ನೊಂದು. ಮೆಕಾಲ್ ಎರಡನೆಯದನ್ನು ಹಿಡಿದರು. ಅವರ ಮಾತು ಬಹಳ ಖಾರ ಎಂದು ಮನಸ್ಸು ನೋಯಿಸಿಕೊಂಡು ಹೋದವರೂ ಇದ್ದಾರೆ. ಕಲಿಸುವವರ ನಾಲಿಗೆಗೂ ಹದ ಬೇಕು.

ಬುಕಿಂಗ್ ಬದುಕು

ಕರೆಸಿದವರ ಬದುಕು ಸುಖವಾಗಿತ್ತೇ? ಹಲ್ ಎಂಬ ಬಂದರು ಊರಿನ ವಾಟರ್‌ಸನ್ ಕುಟುಂಬದ ಕತೆ ನೋಡಿ. ನಾರ್ಮಾ, ಮೈಕ್, ಲಾಲ್ ಎಂಬ ಅಕ್ಕ, ತಮ್ಮ, ತಂಗಿ. ಜೊತೆಗೆ ಸಂಬಂಧಿ ಜಾನ್ ಹ್ಯಾರಿಸನ್. ಅಪ್ಪ ಅಮ್ಮನನ್ನು ಕಳೆದುಕೊಂಡು ಅಜ್ಜಿಯ ಕೈಯಲ್ಲಿ ಬೆಳೆದ ಮಕ್ಕಳು ಅವರು. ಮೈಕ್ ಮನೆಗಳಿಗೆ ಬಣ್ಣ ಬಳಿಯುವ ಕೆಲಸದವರು. ಸ್ಕಿಫಲ್‌ನಿಂದ ಶುರು ಮಾಡಿ ತಮ್ಮೂರಲ್ಲೇ ಒಂದು ಕ್ಲಬ್ ನಡೆಸಿದರು. ವಾದ್ಯವಿಲ್ಲದೆ ಬರೀ ಕಂಠದಲ್ಲಿ ಹಾಡುತ್ತಿದ್ದರು. 1965ರಲ್ಲಿ ಬಂದ ಅವರ ರೆಕಾರ್ಡ್ ದೊಡ್ಡ ಹೆಸರು ಮಾಡಿತು. ದೇಶದ ಕ್ಲಬ್ಬುಗಳೆಲ್ಲ ಕರೆಯತೊಡಗಿದವು.

ಅವರ ತಿರುಗಾಟದ ಬಗ್ಗೆ ಒಂದು ಸಾಕ್ಷ್ಯಚಿತ್ರವೇ ಇದೆ. 1966ರಲ್ಲಿ ಬಿಬಿಸಿ ಅದನ್ನು ತೋರಿಸಿತು. ಇವತ್ತು ಈ ಊರು, ನಾಳೆ ಆ ಊರು. ಯಾರದೋ ಮನೆಯಲ್ಲಿ ನಿದ್ದೆ, ಬೆಳಗಾದರೆ ಮತ್ತೆ ಪ್ರಯಾಣ. 1968ರಲ್ಲಿ ಸಾಕಾಗಿ ಗುಂಪು ನಿಲ್ಲಿಸಿಬಿಟ್ಟರು. ನಾಲ್ಕು ವರ್ಷದ ಮೇಲೆ ಮತ್ತೆ ಸೇರಿದರು. ಹಾಡಿ ಬದುಕುವವರು ದುಡ್ಡು ಕೇಳಿದರೆ ದುರಾಸೆ ಎನ್ನುವವರು ಈ ಕತೆ ನೆನಪಿಡಬೇಕು. ಸಂಬಳದ ಕೆಲಸವಿರುವ ಹವ್ಯಾಸಿಗೆ ಹಾಡು ಸಂಜೆಯ ಸಂತೋಷ. ಬುಕಿಂಗ್ ಗಾಯಕರಿಗೆ ಅದೇ ಅಡುಗೆಮನೆಯ ಅಕ್ಕಿ.

ಈ ಇಬ್ಬರ ನಡುವೆ ಗೋಡೆ ಇರಲಿಲ್ಲ ಎಂಬುದಕ್ಕೆ ಒಂದೇ ಹಾಡಿನ ದಾರಿ ಸಾಕು. 1947ರಲ್ಲಿ ಮೆಕಾಲ್ ಉತ್ತರ ಇಂಗ್ಲೆಂಡಿನ ಟೀಸ್‌ಡೇಲ್ ಕಣಿವೆಯಲ್ಲಿ ಸೀಸದ ಗಣಿಯಲ್ಲಿ ದುಡಿದು ನಿವೃತ್ತರಾದ ಕಾರ್ಮಿಕರೊಬ್ಬರಿಂದ ‘ಸ್ಕಾರ್‌ಬರೋ ಫೇರ್’ ಎಂಬ ಹಾಡನ್ನು ಪಡೆದರು. ಅದನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಲಂಡನ್ನಿನ ಕ್ಲಬ್ ಗಾಯಕ ಮಾರ್ಟಿನ್ ಕಾರ್ಥಿ ಆ ಹಾಡನ್ನು ಕಲಿತು ತಮ್ಮ ರೀತಿಯಲ್ಲಿ ಗಿಟಾರ್ ಹೊಂದಿಸಿದರು. 1965ರ ಸುಮಾರಿಗೆ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಹಾಡುತ್ತಾ ತಿರುಗುತ್ತಿದ್ದ ಅಮೆರಿಕದ ಹುಡುಗ ಪಾಲ್ ಸೈಮನ್ ಅದನ್ನು ಕಾರ್ಥಿಯಿಂದ ಕಲಿತರು. 1966ರಲ್ಲಿ ಸೈಮನ್ ಮತ್ತು ಗಾರ್ಫಂಕಲ್ ಜೋಡಿ ಅದನ್ನು ರೆಕಾರ್ಡ್ ಮಾಡಿತು. ಇಡೀ ಜಗತ್ತು ಕೇಳಿತು. ಕಾರ್ಥಿ ಹೆಸರು ಅದರಲ್ಲಿ ಇರಲಿಲ್ಲ. ಆ ಬೇಸರ ಬಹಳ ಕಾಲ ಉಳಿಯಿತು. 2000ದಲ್ಲಿ ಲಂಡನ್ನಿನ ವೇದಿಕೆಯಲ್ಲಿ ಸೈಮನ್ ಮತ್ತು ಕಾರ್ಥಿ ಒಟ್ಟಿಗೆ ನಿಂತು ಅದೇ ಹಾಡು ಹಾಡಿದರು. ಗಣಿ ಕಾರ್ಮಿಕರು ಹಾಡದಿದ್ದರೆ ಇದರಲ್ಲಿ ಯಾವುದೂ ಆಗುತ್ತಿರಲಿಲ್ಲ.

ಹಳ್ಳಿಯ ಅಜ್ಜಂದಿರೇ ಗೆಸ್ಟ್ ಆದಾಗ

ಫೋಕ್ ಕ್ಲಬ್ಬುಗಳು ಮಾಡಿದ ಒಳ್ಳೆಯ ಕೆಲಸ ಇನ್ನೊಂದಿದೆ. ಹಳ್ಳಿಯ ಹಾಡುಗಾರರನ್ನೇ ಗೆಸ್ಟ್ ಮಾಡಿ ಕರೆಸಿದ್ದು. ಸ್ಯಾಮ್ ಲಾರ್ನರ್ ಎಂಬುವರು ನಾರ್ಫೋಕ್ ತೀರದ ವಿಂಟರ್‌ಟನ್ ಹಳ್ಳಿಯವರು, ಹುಟ್ಟಿದ್ದು 1878ರಲ್ಲಿ. ಬದುಕಿಡೀ ಹೆರಿಂಗ್ ಮೀನು ಹಿಡಿದವರು. ಸುಮಾರು ಎಂಬತ್ತರ ವಯಸ್ಸಿನಲ್ಲಿ ಅವರನ್ನು ಲಂಡನ್ನಿನ ಕ್ಲಬ್ಬಿಗೆ ಕರೆಸಿದರು. ಅವತ್ತು ಕೇಳಲು ಕೂತಿದ್ದವರಲ್ಲಿ ಹದಿಹರೆಯದ ಮಾರ್ಟಿನ್ ಕಾರ್ಥಿಯೂ ಒಬ್ಬರು. ಆ ರಾತ್ರಿ ತಮ್ಮ ದಾರಿಯನ್ನೇ ಬದಲಿಸಿತು ಎಂದು ಕಾರ್ಥಿ ಹೇಳಿಕೊಂಡಿದ್ದಾರೆ.

ವಾಲ್ಟರ್ ಪಾರ್ಡನ್ ಕತೆ ಇನ್ನೂ ಮನಸ್ಸಿಗೆ ತಟ್ಟುತ್ತದೆ. ನಾರ್ಫೋಕ್‌ನದೇ ನ್ಯಾಪ್ಟನ್ ಹಳ್ಳಿಯ ಬಡಗಿ. 1914ರಲ್ಲಿ ಹುಟ್ಟಿದ ಮನೆಯಲ್ಲೇ ಬದುಕಿದರು, ಮದುವೆಯಾಗಲಿಲ್ಲ. ಸೋದರಮಾವ ಬಿಲ್ಲಿ ಗೀ ಅವರಿಂದ ಹಾಡು ಕಲಿತಿದ್ದರು. ಹಿರಿಯರೆಲ್ಲ ಹೋದ ಮೇಲೆ ಕೇಳುವವರು ಇರಲಿಲ್ಲ. ಹಾಡುಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ಧಾಟಿ ಮರೆಯದಿರಲಿ ಎಂದು ಮೆಲೋಡಿಯನ್ ಎಂಬ ಕೈಪೆಟ್ಟಿಗೆಯಲ್ಲಿ ಒಬ್ಬರೇ ನುಡಿಸಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಹೀಗೆ. ಕೊನೆಗೆ ಸಂಬಂಧಿಕ ಹುಡುಗನೊಬ್ಬನ ಒತ್ತಾಯಕ್ಕೆ ಟೇಪಿನಲ್ಲಿ ಹಾಡಿದರು. ಆ ಟೇಪು ಫೋಕ್ ಗಾಯಕ ಪೀಟರ್ ಬೆಲಾಮಿ ಕೈಸೇರಿತು. 1975ರಲ್ಲಿ ಮೊದಲ ರೆಕಾರ್ಡ್ ಬಂತು. ಆಗ ಪಾರ್ಡನ್‌ಗೆ ಅರವತ್ತು ದಾಟಿತ್ತು. ಮರುವರ್ಷ ಅಮೆರಿಕಕ್ಕೆ ಕರೆಸಿ ಹಾಡಿಸಿದರು. ಈಗ ಹೇಳಿ, ಪಾರ್ಡನ್ ಹವ್ಯಾಸಿಯೋ, ವೃತ್ತಿಯವರೋ? ಕ್ಲಬ್ಬುಗಳು ಇದ್ದವು, ಕೇಳುವ ಕಿವಿಗಳು ತಯಾರಿದ್ದವು. ಹಾಗಾಗಿ ಆ ಹಾಡುಗಳು ಒಬ್ಬ ಬಡಗಿಯ ಜೊತೆ ಮಣ್ಣಿಗೆ ಹೋಗಲಿಲ್ಲ.

ಎಲ್ಲಿ ಎಡವಿದರು

1970ರ ದಶಕದಲ್ಲಿ ತಕ್ಕಡಿ ಒಂದು ಕಡೆಗೆ ವಾಲಿತು. ಹೆಸರಿರುವ ಗೆಸ್ಟ್ ಇದ್ದರೆ ಮಾತ್ರ ಜನ ಬರುವ ಕ್ಲಬ್ಬುಗಳು ಹೆಚ್ಚಾದವು. ಹಾಡಿನ ನಡುವೆ ನಗಿಸುವ ಮಾತಾಡುತ್ತಿದ್ದ ಕೆಲವರು ಹಾಡು ಬಿಟ್ಟು ನಗೆಯನ್ನೇ ಹಿಡಿದರು. ಗ್ಲಾಸ್ಗೊ ಹಡಗುಕಟ್ಟೆಯ ವೆಲ್ಡರ್ ಬಿಲ್ಲಿ ಕೊನೊಲಿ, ಬರ್ಮಿಂಗ್‌ಹ್ಯಾಮ್ ಕಡೆಯ ಜಾಸ್ಪರ್ ಕ್ಯಾರಟ್ ಹೀಗೆ ಫೋಕ್ ಕ್ಲಬ್ಬಿನಿಂದಲೇ ಟಿವಿಗೆ ಹೋದವರು. ಗಾಯಕರ ಶುಲ್ಕ ಏರಿತು. ಮಹಡಿ ಮೇಲಿನ ಸಣ್ಣ ಕೋಣೆಗೆ ಅದು ಹೊರೆಯಾಯಿತು. ದೊಡ್ಡವರು ಸಭಾಂಗಣಕ್ಕೆ, ಬಯಲಿನ ಉತ್ಸವಗಳಿಗೆ ಹೋದರು.

ಗೆಸ್ಟ್ ಇಲ್ಲದ ವಾರಕ್ಕೆ ಜನ ಬರದಿದ್ದರೆ ಸಿಂಗರ್ಸ್ ನೈಟ್ ನಿಲ್ಲುತ್ತದೆ. ಸಿಂಗರ್ಸ್ ನೈಟ್ ನಿಂತರೆ ಹೊಸ ಹುಡುಗ ಹುಡುಗಿಯರು ನಾಲ್ಕು ಜನರ ಮುಂದೆ ಮೊದಲ ಸಲ ನಡುಗುತ್ತಾ ಹಾಡುವ ಜಾಗ ಹೋಗುತ್ತದೆ. ವಾಟರ್‌ಸನ್ ಕುಟುಂಬವಾಗಲಿ ಕಾರ್ಥಿಯಾಗಲಿ ಇಂಥ ಸಣ್ಣ ಕೋಣೆಗಳಲ್ಲೇ ಬೆಳೆದವರು. ನೆಲ ಬತ್ತಿದರೆ ಮುಂದಿನ ಗೆಸ್ಟ್ ಎಲ್ಲಿಂದ ಬರಬೇಕು? ಇನ್ನೊಂದು ತುದಿಯ ತಪ್ಪೂ ಇದೆ. ಗೆಸ್ಟೇ ಬೇಡ, ನಾವೇ ಸಾಕು ಎಂದು ಬಾಗಿಲು ಮುಚ್ಚಿಕೊಂಡ ಕೂಟಗಳಲ್ಲಿ ಅದೇ ಹತ್ತು ಮುಖ, ಅದೇ ಹಾಡು. ಹೊಸ ಹಾಡು ಒಳಗೆ ಬರುವುದಿಲ್ಲ, ಇವರಿಗಿಂತ ಚೆನ್ನಾಗಿ ಹಾಡುವವರನ್ನು ಎದುರಿಗೆ ನೋಡುವ ಅವಕಾಶವೂ ಇಲ್ಲ.

ಸರ್ಕಾರದ ನಿಯಮವೂ ಕಾಡಿತು. ಹಿಂದೆ ಪಬ್‌ನಲ್ಲಿ ಇಬ್ಬರವರೆಗೆ ಹಾಡಿದರೆ ಬೇರೆ ಪರವಾನಗಿ ಬೇಕಿರಲಿಲ್ಲ. ಇದು ಕರೆಸಿದ ಜೋಡಿ ಗಾಯಕರಿಗೆ ಸರಿ. ಕೋಣೆ ತುಂಬ ಜನ ಸರದಿಯಲ್ಲಿ ಹಾಡುವ ಕೂಟಕ್ಕೆ ಹೊಂದುವ ಲೆಕ್ಕವಲ್ಲ. 2005ರ ನವೆಂಬರಿನಿಂದ ಹೊಸ ಕಾಯ್ದೆ ಬಂದು ಆ ರಿಯಾಯಿತಿಯೂ ಹೋಯಿತು. ಹಾಡುಗಾರರು ದನಿ ಎತ್ತಿದರು. ಕೊನೆಗೆ 2012ರಲ್ಲಿ ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ ಸಣ್ಣ ಜಾಗಗಳ ಹಾಡಿಗೆ ಪರವಾನಗಿ ಬೇಡ ಎಂದು ಕಾನೂನು ಸಡಿಲವಾಯಿತು.

ಈಗಲೂ ಇಂಗ್ಲೆಂಡಿನಲ್ಲಿ ಫೋಕ್ ಕ್ಲಬ್ಬುಗಳಿವೆ. ಮೊದಲಿನಷ್ಟಿಲ್ಲ. ಎಷ್ಟೋ ಕಡೆ ತಲೆ ನರೆತವರೇ ಜಾಸ್ತಿ. ಆದರೆ ಮನೆಯವರು ಮೊದಲು, ಗೆಸ್ಟ್ ಆಮೇಲೆ ಎಂಬ ಪದ್ಧತಿ ಹಲವು ಕಡೆ ಹಾಗೇ ನಡೆದಿದೆ.

ನಮಗೆ ಇದರಿಂದ ತಿಳಿದದ್ದು ಇಷ್ಟು. ಹವ್ಯಾಸಿಗೂ ಬುಕಿಂಗ್ ಗಾಯಕರಿಗೂ ಜಗಳ ಹಚ್ಚಬೇಕಾಗಿಲ್ಲ. ಹಾಡಿ ಬದುಕುವವರಿಗೆ ಸರಿಯಾದ ದುಡ್ಡು ಕೊಡಬೇಕು. ಊರಿನವರೂ ಅಭ್ಯಾಸ ಮಾಡದೆ ವೇದಿಕೆ ಹತ್ತಬಾರದು. ಆದರೆ ಜನ ಕೂತಿರುವಾಗ ಹಾಡುವ ಹಕ್ಕು ಊರಿನವರಿಗೆ ಇರಲೇಬೇಕು. ಖಾಲಿ ಕುರ್ಚಿಗೆ ಹಾಡಿಸಿ, ಅವಕಾಶ ಕೊಟ್ಟಿದ್ದೇವಲ್ಲ ಎಂದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅಂಥ ಅವಕಾಶ ನೋಡಿದ ಮೊಮ್ಮಗ ತಾಳ ಹಿಡಿಯುತ್ತಾನಾ? ಕುರ್ಚಿ ಹಿಡಿಯುತ್ತಾನೆ, ಮೊಬೈಲ್ ಹಿಡಿಯುತ್ತಾನೆ.

ಆರ್ಕೆಸ್ಟ್ರಾ ಬೇಡ ಎಂದು ನಾವು ಹೇಳುತ್ತಿಲ್ಲ. ಅವರೂ ನಾಲ್ಕು ಮನೆ ನಡೆಸುವವರೇ. ಮೈಕ್ ಟೆಸ್ಟ್ ಆರಕ್ಕೆ ಆಗಲಿ. ಏಳಕ್ಕೆ ಜನ ಕೂತ ಮೇಲೆ, ಅದೇ ಮೈಕಿನಲ್ಲಿ, ಅದೇ ಲೈಟಿನಲ್ಲಿ ಭಜನೆಯವರದು ಮೂರು ಹಾಡು. ಆಮೇಲೆ ಆರ್ಕೆಸ್ಟ್ರಾ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ.

ಸಮಿತಿಯ ಮುಂದಿನ ಸಭೆ ಬರುವ ಸೋಮವಾರ ಇದೆ. ಈ ಬರಹವನ್ನು ಆ ಕಾರ್ಯದರ್ಶಿ ಹುಡುಗನ ವಾಟ್ಸಾಪ್‌ಗೆ ಕಳಿಸುತ್ತಿದ್ದೇವೆ. ನಿಮ್ಮೂರ ಸಮಿತಿಯವರ ನಂಬರ್ ನಿಮ್ಮ ಹತ್ತಿರ ಇದ್ದೇ ಇರುತ್ತದೆ.